ಗೊಂಬೆ ಉಳಿದರೆ ಆಟ ಉಳಿಯಿತೇ?

ಕಲೆಗಳಲ್ಲಿ ಎರಡು ಬಗೆಯುಂಟು. ಕಲಾವಿದನು ಕೈ ತೆಗೆದ ಮೇಲೆಯೂ ನಿಲ್ಲತಕ್ಕವು ಕೆಲವು. ಅವನು ಕೈ ತೆಗೆದೊಡನೆ ಮುಗಿದುಹೋಗತಕ್ಕವು ಕೆಲವು. ಶಿಲ್ಪ, ಚಿತ್ರ, ವಾಸ್ತು ಮೊದಲನೆಯ ಬಗೆಗೆ ಸೇರಿದುವು. ಕುಣಿತ, ಹಾಡು, ಬಯಲಾಟ, ಗೊಂಬೆಯಾಟ, ಕಥೆ ಹೇಳುವ ಕಲೆ ಇವು ಎರಡನೆಯ ಬಗೆಗೆ ಸೇರಿದುವು. ಬೇಲೂರಿನ ಮದನಿಕೆಯರನ್ನು ಕಡೆದ ಶಿಲ್ಪಿಗಳು ಗತಿಸಿ ಎಷ್ಟೋ ಶತಮಾನಗಳಾದುವು. ಆ ಮದನಿಕೆಯರು ಅಂದು ನಿಂತ ಭಂಗಿಯಲ್ಲಿಯೇ ಇಂದಿಗೂ ನಿಂತಿದ್ದಾರೆ. ಆದರೆ ಆ ಶಿಲ್ಪಿಗಳ ಕಣ್ಣೆದುರಿಗೆ ಕುಣಿದ ನರ್ತಕಿಯರ ಒಂದು ಹೆಜ್ಜೆಯನ್ನಾದರೂ ನಾವು ಕಾಣಲಾರೆವು. ಕಲ್ಲಿನಲ್ಲಿ ಹಿಡಿದ ನೃತ್ಯವು ಉಳಿಯಿತು. ಕಾಲಿನಲ್ಲಿ ಹಿಡಿದ ನೃತ್ಯವು ಉಳಿಯಲಿಲ್ಲ.

ವಸ್ತುಸಂಗ್ರಹಾಲಯವೆಂಬ ಸಂಸ್ಥೆಯು ಹುಟ್ಟಿದುದು ಮೊದಲನೆಯ ಬಗೆಯ ಕಲೆಗಳಿಗಾಗಿ. ಅದರ ಗೋಡೆ, ಗೂಡು, ಗಾಜಿನ ಪೆಟ್ಟಿಗೆ, ಹೆಸರಿನ ಚೀಟಿ, ಕಾವಲುಗಾರ ಎಲ್ಲವೂ ಕದಲದ ವಸ್ತುವನ್ನು ಮನಸ್ಸಿನಲ್ಲಿಟ್ಟುಕೊಂಡು ಏರ್ಪಟ್ಟವು. ಹೀಗಿರಲಾಗಿ, ಕದಲುವುದೇ ಜೀವವಾಗಿರುವ ಕಲೆಯೊಂದು ಆ ಮನೆಯೊಳಕ್ಕೆ ಬಂದಾಗ ಅದರ ಗತಿಯೇನು? ಅದನ್ನು ಅಲ್ಲಿ ಹೇಗೆ ಕಾಪಾಡುತ್ತಾರೆ, ಹೇಗೆ ತೋರಿಸುತ್ತಾರೆ? ಕಾಲ ಕಳೆದಂತೆ ಅದರಲ್ಲಿ ಉಳಿಯುವುದೇನು, ಜಾರಿಹೋಗುವುದೇನು? ಇದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಸಿರ್ಗಾಪುರ, ನಾರಾಯಣಖೇಡ, ಜಹೀರಾಬಾದ್, ತಾಂಡೂರು ಈ ಸೀಮೆಯ ಕನ್ನಡ ಉಪಾಧ್ಯಾಯರಿಗೂ ವಿದ್ಯಾರ್ಥಿಗಳಿಗೂ ಈ ವಿಚಾರವು ಎರಡು ಕಾರಣಗಳಿಂದ ಪ್ರಸ್ತುತವಾಗಿದೆ. ಪ್ರವಾಸ ಹೋದಾಗ ನಾವು ಮಕ್ಕಳನ್ನು ಸಂಗ್ರಹಾಲಯಗಳಿಗೆ ಕರೆದೊಯ್ಯುತ್ತೇವೆ. ಅಲ್ಲಿ ನೋಡಬೇಕಾದುದನ್ನು ನೋಡಲು ಕಲಿಸುವುದು ನಮ್ಮ ಕರ್ತವ್ಯ. ಇದು ಒಂದು ಕಾರಣ. ನಮ್ಮ ಹಳ್ಳಿಗಳ ಹಾಡು-ಕುಣಿತಗಳಿಗೆ ಹತ್ತಿರದಲ್ಲಿ ಯಾವ ಸಂಗ್ರಹಾಲಯವೂ ಇಲ್ಲ. ಅವುಗಳನ್ನು ಕಾಪಾಡುವ ಹೊಣೆಯು ಯಾರ ಮೇಲೆಯೂ ಬಿದ್ದಿಲ್ಲವಾದುದರಿಂದ ನಮ್ಮ ಮೇಲೆಯೇ ಬಿದ್ದಿದೆ. ಇದು ಇನ್ನೊಂದು.

ಮೊದಲು ನಮಗೆಲ್ಲ ಪರಿಚಿತವಾದ ಒಂದು ಸ್ಥಳದಿಂದ ಹೊರಡೋಣ. ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯವು ೧೯೫೧ರ ಡಿಸೆಂಬರಿನಲ್ಲಿ ಜವಾಹರಲಾಲ್ ನೆಹರೂ ಅವರ ಹಸ್ತದಿಂದ ಉದ್ಘಾಟನೆಗೊಂಡು, ೧೯೬೮ರಲ್ಲಿ ಮೂಸಿ ನದಿಯ ದಂಡೆಯ ಈಗಿನ ಕಟ್ಟಡಕ್ಕೆ ಬಂದಿತು. ಅಲ್ಲಿ ಇಟಲಿಯ ಶಿಲ್ಪಿ ಬೆನ್ಜೋನಿ ಕಡೆದ ಮುಸುಕಿನ ರೆಬೆಕ್ಕಾ ಎಂಬ ಅಮೃತಶಿಲೆಯ ಪ್ರತಿಮೆಯಿದೆ. ಅದನ್ನು ಬಾಗಿಲು ತೆರೆದಿರುವ ಯಾವ ಹೊತ್ತಿನಲ್ಲಿಯಾದರೂ ನೋಡಬಹುದು. ಆದರೆ ಆ ಸಂಗ್ರಹಾಲಯದಲ್ಲಿ ಜನರು ಕಾದು ಕುಳಿತು ನೋಡುವ ವಸ್ತು ಬೇರೆಯೇ ಒಂದಿದೆ. ಅದು ಕುಕ್ ಮತ್ತು ಕೆಲ್ವಿ ಎಂಬ ಹೆಸರಿನ ಸಂಗೀತ ಗಡಿಯಾರ. ಗಂಟೆಯಾಗುತ್ತಲೇ ಗಡ್ಡದ ಸಣ್ಣ ಆಕೃತಿಯೊಂದು ಬಾಗಿಲು ತೆರೆದು ಹೊರಗೆ ಬಂದು, ಗಂಟೆಯನ್ನು ಬಾರಿಸಿ ಒಳಗೆ ಹೋಗುತ್ತದೆ. ಅಷ್ಟಕ್ಕಾಗಿ ಹೆಂಗಸರು, ಮಕ್ಕಳು, ಮುದುಕರು ಅಂಗಳದಲ್ಲಿ ಗುಂಪುಗೂಡುತ್ತಾರೆ.

ಅಮೃತಶಿಲೆಯ ಪ್ರತಿಮೆಯ ಮುಂದೆ ಇಲ್ಲದ ಈ ಕಾತರವು ಗಡಿಯಾರದ ಮುಂದೆ ಏಕೆ ಹುಟ್ಟುತ್ತದೆ? ಕಾಲವೇ ಅಲ್ಲಿ ಪ್ರದರ್ಶನದ ಒಂದು ಭಾಗವಾಗಿರುವುದು ಅದಕ್ಕೆ ಕಾರಣ. ಹೊತ್ತಿಗೆ ಸರಿಯಾಗಿ ಬಾರದವನಿಗೆ ಅದು ಕಾಣಿಸದು. ಬಂದವರೆಲ್ಲರೂ ಒಟ್ಟಿಗೆ ನೋಡುತ್ತಾರೆ, ಒಟ್ಟಿಗೆ ನಗುತ್ತಾರೆ. ಪ್ರಯೋಗಕಲೆಯ ಎರಡು ಲಕ್ಷಣಗಳು ಇಲ್ಲಿವೆ: ಗೊತ್ತಾದ ಹೊತ್ತು, ಕೂಡಿದ ಜನ. ಆದರೆ ಮೂರನೆಯದೊಂದು ಇಲ್ಲಿಲ್ಲ. ಗಡಿಯಾರದ ಆಕೃತಿಯು ನೋಡುವವರನ್ನು ನೋಡುವುದಿಲ್ಲ. ಜನರು ನಕ್ಕರೆಂದು ಅದು ಇನ್ನೊಮ್ಮೆ ಬಾರಿಸದು. ಬೇಸತ್ತರೆಂದು ಬೇಗ ಮುಗಿಸದು. ಮನುಷ್ಯನ ಆಟದಲ್ಲಿ ಆಡುವವನೂ ನೋಡುವವನೂ ಒಬ್ಬರನ್ನೊಬ್ಬರು ಬದಲಾಯಿಸುತ್ತಿರುತ್ತಾರೆ. ಈ ಕೊಡುಕೊಳ್ಳುವಿಕೆಯನ್ನು ಯಾವ ಕೀಲಿಯೂ ತಿರುಗಿಸಲಾರದು. ಸಂಗ್ರಹಾಲಯಗಳು ಪ್ರಯೋಗಕಲೆಯನ್ನು ಕಾಪಾಡಲು ಮಾಡಿದ ಪ್ರಯತ್ನಗಳನ್ನು ಪರಿಶೀಲಿಸುವಾಗ ಈ ಮೂರನೆಯ ಲಕ್ಷಣವನ್ನು ಒರೆಗಲ್ಲಾಗಿ ಇಟ್ಟುಕೊಳ್ಳಬೇಕು.

ಮೊದಲನೆಯ ಪ್ರಯತ್ನವೆಂದರೆ ಆಟದ ಉಪಕರಣಗಳನ್ನು ಕೂಡಿಡುವುದು. ಕರ್ನಾಟಕದಲ್ಲಿ ಈ ಕಾರ್ಯವು ಶ್ರದ್ಧೆಯಿಂದ ನಡೆದಿದೆ. ಮೈಸೂರು ವಿಶ್ವವಿದ್ಯಾನಿಲಯವು ೧೯೬೮ರಲ್ಲಿ ಜಾನಪದ ವಸ್ತುಸಂಗ್ರಹಾಲಯವನ್ನು ಆರಂಭಿಸಿತು. ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸ ಅರಮನೆಯಲ್ಲಿರುವ ಆ ಸಂಗ್ರಹದ ಹಿಂದೆ ದೇಜಗೌ, ಜೀ. ಶಂ. ಪರಮಶಿವಯ್ಯ, ಪಿ. ಆರ್. ತಿಪ್ಪೇಸ್ವಾಮಿ ಮೊದಲಾದವರ ಪರಿಶ್ರಮವಿದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಎಂ. ಎಸ್. ನಂಜುಂಡರಾಯರು ತೊಗಲುಗೊಂಬೆಗಳ ದೊಡ್ಡ ಸಂಗ್ರಹವನ್ನೇ ಮಾಡಿದರು. ಎಚ್. ಎಲ್. ನಾಗೇಗೌಡರು ೧೯೭೯ರಲ್ಲಿ ಜಾನಪದ ಪರಿಷತ್ತನ್ನು ಸ್ಥಾಪಿಸಿ, ೧೯೯೪ರಲ್ಲಿ ರಾಮನಗರದ ಬಳಿ ಸುಮಾರು ೧೫ ಎಕರೆಗಳಲ್ಲಿ ಜಾನಪದ ಲೋಕವನ್ನು ತೆರೆದರು. ಇವರು ಕೈಹಾಕದೆ ಇದ್ದಿದ್ದರೆ ಅವೆಷ್ಟೋ ಗೊಂಬೆಗಳು, ಕಿರೀಟಗಳು, ವಾದ್ಯಗಳು ಹುಳುವಿಗೆ ಆಹಾರವಾಗುತ್ತಿದ್ದುವು. ಇಲ್ಲವೇ ಪರದೇಶದ ವ್ಯಾಪಾರಿಗಳ ಪಾಲಾಗುತ್ತಿದ್ದುವು. ಈ ಉಪಕಾರವನ್ನು ಮೊದಲು ಒಪ್ಪಿಕೊಂಡು ಮುಂದಿನ ಮಾತನ್ನಾಡಬೇಕು.

ತೊಗಲುಗೊಂಬೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಆಡಿನ ತೊಗಲನ್ನು ಹದಮಾಡಿ, ಬೆಳಕು ಹಾಯುವಷ್ಟು ತೆಳುವಾಗಿಸಿ, ಬಣ್ಣ ಹಚ್ಚಿ, ಒಡವೆ-ಅಂಚುಗಳಿರುವಲ್ಲಿ ಸಣ್ಣ ಸಣ್ಣ ರಂಧ್ರಗಳನ್ನು ಕೊರೆಯುತ್ತಾರೆ. ಗೊಂಬೆಯನ್ನು ಬಿಳಿಯ ಪರದೆಗೆ ಒತ್ತಿ ಹಿಡಿದು ಹಿಂದಿನಿಂದ ದೀಪ ಬೆಳಗಿದಾಗ ಬಣ್ಣಗಳು ಪರದೆಯ ಮೇಲೆ ಹೊಳೆಯುತ್ತವೆ. ಆ ರಂಧ್ರಗಳು ರತ್ನಗಳಂತೆ ಮಿನುಗುತ್ತವೆ. ಎಣ್ಣೆಯ ದೀಪವಾದರೆ ಅದರ ಕುಡಿಯ ಅಲುಗಾಟವು ಗೊಂಬೆಯ ಉಸಿರಾಟದಂತೆ ತೋರುತ್ತದೆ. ಅಂದಮೇಲೆ ಈ ಗೊಂಬೆಯು ತನ್ನಷ್ಟಕ್ಕೆ ಪೂರ್ಣವಾದ ಚಿತ್ರವಲ್ಲ. ಬೆಳಕು, ಪರದೆ, ಕೈ, ಕಂಠ ಇವು ಕೂಡಿದಾಗ ಮಾತ್ರ ಪೂರ್ಣವಾಗತಕ್ಕ ಚಿತ್ರದ ಒಂದು ಅಂಗ ಅದು. ಅದನ್ನು ಗೋಡೆಗೆ ತಗುಲಿಹಾಕಿ ಮುಂದಿನಿಂದ ಬೆಳಕು ಬಿಟ್ಟರೆ ಏನಾಗುತ್ತದೆ? ರತ್ನಗಳು ಬರಿಯ ತೂತುಗಳಾಗುತ್ತವೆ. ಹೊಳೆಯಬೇಕಾದ ಕೆಂಪು ಕಂದಾಗುತ್ತದೆ. ನೋಡುವ ಹುಡುಗನು ಅದನ್ನು ಹಳೆಯ ಕಾಲದ ಒರಟು ಚಿತ್ರವೆಂದು ತಿಳಿದು ಮುಂದಕ್ಕೆ ನಡೆಯುತ್ತಾನೆ. ಅಲ್ಲಿ ಸುಳ್ಳೇನೂ ಇಲ್ಲ. ಆದರೆ ನಿಜವೂ ಪೂರ್ತಿಯಾಗಿ ಇಲ್ಲ.

ಇದಕ್ಕೆ ಸಂಗ್ರಹಾಲಯದವರ ಕಡೆಯಿಂದ ಒಂದು ನ್ಯಾಯವಾದ ಉತ್ತರವುಂಟು. ಬೆಳಕು ಬಣ್ಣವನ್ನು ತಿನ್ನುತ್ತದೆ, ಶಾಖವು ತೊಗಲನ್ನು ಸುಕ್ಕಿಸುತ್ತದೆ. ಬಣ್ಣದ ತೊಗಲಿಗೆ ೫೦ ಲಕ್ಸಿಗಿಂತ ಹೆಚ್ಚು ಬೆಳಕು ಬೀಳಬಾರದೆಂದು ಸಂರಕ್ಷಣಶಾಸ್ತ್ರಜ್ಞರು ಹೇಳುತ್ತಾರೆ. ಅದು ಮಬ್ಬಾದ ಕೋಣೆಯ ಬೆಳಕು. ಎಂದರೆ ಗೊಂಬೆಯು ಬಾಳಬೇಕಾದರೆ ಕತ್ತಲೆ ಬೇಕು. ಅದು ಗೊಂಬೆಯಾಗಬೇಕಾದರೆ ಬೆಳಕು ಬೇಕು. ಈ ಇಕ್ಕಟ್ಟಿನಲ್ಲಿ ಸಂಗ್ರಹಾಲಯವು ಬಾಳನ್ನು ಆರಿಸಿಕೊಂಡಿತು. ಅದರ ಧರ್ಮವೇ ಅದಾದುದರಿಂದ ಆಕ್ಷೇಪಿಸುವಂತಿಲ್ಲ. ಆದರೆ ಹೀಗೆ ಆರಿಸಿಕೊಂಡಿದ್ದೇವೆಂಬುದನ್ನು ಹೆಸರಿನ ಚೀಟಿಯಲ್ಲಿ ಹೇಳಬೇಕಾಗಿತ್ತು. ‘ರಾವಣ, ತೊಗಲುಗೊಂಬೆ’ ಎಂದಷ್ಟೇ ಬರೆದರೆ ನೋಡುವವನಿಗೆ ತಾನು ಅರ್ಧವನ್ನು ಮಾತ್ರ ನೋಡುತ್ತಿದ್ದೇನೆಂಬುದು ತಿಳಿಯುವುದು ಹೇಗೆ? ಹೊಸದಾಗಿ ಮಾಡಿಸಿದ ಗೊಂಬೆಯೊಂದನ್ನು ಪಕ್ಕದಲ್ಲಿಯೇ ಪರದೆಯ ಹಿಂದೆ ಇಟ್ಟು ದೀಪ ಹಚ್ಚಿ ತೋರಿಸಿದರೆ ಹಳೆಯದಕ್ಕೂ ಅಪಾಯವಿಲ್ಲ, ನೋಡುವವನಿಗೂ ನಷ್ಟವಿಲ್ಲ.

ಆಟವನ್ನು ವಂಶಪಾರಂಪರ್ಯವಾಗಿ ಆಡಿದವರ ದೃಷ್ಟಿಯಾದರೋ ಇದಕ್ಕೆ ತೀರ ಭಿನ್ನವಾದುದು. ಸವೆದು ಹರಿದ ಗೊಂಬೆಗಳನ್ನು, ಅವು ದೇವತೆಗಳ ರೂಪಗಳಾದುದರಿಂದ, ಪೂಜಿಸಿ ನೀರಿಗೆ ಬಿಡುವ ರೂಢಿಯು ದಕ್ಷಿಣದ ಗೊಂಬೆಯಾಟದವರಲ್ಲಿ ಇದ್ದಿತು. ಅವರು ಗೊಂಬೆಯನ್ನು ಬಿಟ್ಟು ಆಟವನ್ನು ಉಳಿಸಿಕೊಂಡರು. ನಾವು ಗೊಂಬೆಯನ್ನು ಉಳಿಸಿಕೊಂಡು ಆಟವನ್ನು ಬಿಡುತ್ತಿದ್ದೇವೆ. ಹಳೆಯ ಗೊಂಬೆ ಹೋದರೆ ಹೊಸದನ್ನು ಕೊರೆಯಬಲ್ಲ ಕೈ ಮನೆಯಲ್ಲಿದೆ ಎಂಬ ಧೈರ್ಯವು ಅವರಿಗಿದ್ದಿತು. ನಮ್ಮ ಸಂಗ್ರಹಾಲಯಗಳು ಹಳೆಯದನ್ನು ಅಷ್ಟು ಭದ್ರವಾಗಿ ಹಿಡಿದುಕೊಂಡಿರುವುದು ಆ ಧೈರ್ಯವು ಹೋದುದರ ಗುರುತೆಂದೇ ಹೇಳಬೇಕು.

ತೆಲಂಗಾಣದ ಕಥಾಪಟಗಳ ವಿಷಯವೂ ಇಂಥದೇ. ಈಗಿನ ಸಿದ್ದಿಪೇಟೆ ಜಿಲ್ಲೆಗೆ ಸೇರಿದ ಚೇರ್ಯಾಲದ ನಕಾಶಿ ಮನೆತನದವರು ಉದ್ದವಾದ ಬಟ್ಟೆಯ ಮೇಲೆ ಕುಲಪುರಾಣಗಳನ್ನು ಸಾಲುಸಾಲಾಗಿ ಚಿತ್ರಿಸಿ ಕೊಡುತ್ತಿದ್ದರು. ಕಾಕಿಪಡಗಲ ಮೊದಲಾದ ಕಥೆಗಾರರು ಊರೂರಿಗೆ ಹೋಗಿ, ಸುರುಳಿಯನ್ನು ಒಂದೊಂದೇ ಪಟ್ಟಿಯಾಗಿ ಬಿಚ್ಚುತ್ತ ಕಥೆ ಹಾಡುತ್ತಿದ್ದರು. ಹೊಸ ಪಟ ಬಂದಾಗ ಹಳೆಯದನ್ನು ವಿಧಿಪೂರ್ವಕವಾಗಿ ನದಿಗೆ ಬಿಡುವ ಪದ್ಧತಿಯು ಇವರಲ್ಲಿಯೂ ಇದ್ದಿತು. ಹಾಗೆ ನದಿಗೆ ಹೋಗದೆ ಉಳಿದುಕೊಂಡ ಪಟಗಳಲ್ಲಿ ಕೆಲವು ಸಂಗ್ರಹಾಲಯಗಳನ್ನು ಸೇರಿವೆ. ಅಲ್ಲಿ ಅವುಗಳನ್ನು ಗೋಡೆಯುದ್ದಕ್ಕೂ ಬಿಚ್ಚಿ ಹಾಕಿದಾಗ ಒಂದು ವಿಚಿತ್ರವು ಸಂಭವಿಸುತ್ತದೆ: ಕಥೆಯ ಹುಟ್ಟೂ ಮದುವೆಯೂ ಸಾವೂ ಒಂದೇ ನೋಟಕ್ಕೆ ಕಾಣಿಸುತ್ತವೆ. ಕಥೆಗಾರನ ಕೈಯಲ್ಲಿ ಮುಂದಿನ ಪಟ್ಟಿಯು ಸುರುಳಿಯೊಳಗೆ ಅಡಗಿರುತ್ತಿತ್ತು. ಮುಂದೇನೆಂದು ಜನರು ಕಾಯುತ್ತಿದ್ದರು. ಸಂಗ್ರಹಾಲಯವು ಚಿತ್ರದ ಒಂದು ಗೆರೆಯನ್ನೂ ಕೆಡಿಸಲಿಲ್ಲ. ಆದರೂ ಕಾಯುವಿಕೆಯನ್ನು ತೆಗೆದುಬಿಟ್ಟಿತು. ಕಾಯುವಿಕೆಯು ಹೋದ ಕಥೆಯಲ್ಲಿ ಉಳಿದದ್ದು ವಿಷಯಸೂಚಿ.

ಎರಡನೆಯ ಪ್ರಯತ್ನವೆಂದರೆ ಆಟವನ್ನೇ ಯಂತ್ರದಲ್ಲಿ ಹಿಡಿದಿಡುವುದು: ಧ್ವನಿಮುದ್ರಣ, ಚಲಚ್ಚಿತ್ರ. ಉಪಕರಣವು ಹೇಳಲಾರದ ಎಷ್ಟೋ ಸಂಗತಿಗಳನ್ನು ಇದು ಹೇಳುತ್ತದೆಯೆಂಬುದು ನಿರ್ವಿವಾದ. ೧೯೫೩ರಲ್ಲಿ ಸ್ಥಾಪಿತವಾದ ಸಂಗೀತ ನಾಟಕ ಅಕಾಡೆಮಿಯು ದೆಹಲಿಯಲ್ಲಿ ಇಂಥ ಮುದ್ರಣಗಳ ಭಂಡಾರವನ್ನು ಬೆಳೆಸಿದೆ. ಆದರೆ ಯಂತ್ರವು ನಿಷ್ಪಕ್ಷಪಾತಿಯೆಂದು ಭಾವಿಸುವುದು ತಪ್ಪು. ಹಳೆಯ ಗ್ರಾಮಾಫೋನ್ ತಟ್ಟೆಯ ಒಂದು ಮಗ್ಗುಲಿನಲ್ಲಿ ಸುಮಾರು ಮೂರು ನಿಮಿಷಗಳ ಹಾಡು ಮಾತ್ರ ಹಿಡಿಸುತ್ತಿತ್ತು. ಗಂಟೆಗಟ್ಟಲೆ ರಾಗವನ್ನು ವಿಸ್ತರಿಸುತ್ತಿದ್ದ ಗಾಯಕರು ಅದಕ್ಕಾಗಿ ಮೂರು ನಿಮಿಷದ ಹಾಡನ್ನು ಹೊಸದಾಗಿ ಕಟ್ಟಿದರು. ಇಂದು ನಾವು ಅವರ ಗಾಯನವೆಂದು ಕೇಳುತ್ತಿರುವುದು ಆ ತಟ್ಟೆಯ ಅಳತೆಗೆ ಕತ್ತರಿಸಿದ ಗಾಯನವನ್ನು.

ಇದಕ್ಕೆ ವಿರುದ್ಧವಾದ ಉದಾಹರಣೆಯು ತುಳುನಾಡಿನಲ್ಲಿದೆ. ಗೋಪಾಲ ನಾಯ್ಕರು ೧೯೯೦ರಲ್ಲಿ ಹಲವು ದಿನಗಳ ಕಾಲ ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೋಂಕೋ ಅವರು ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರೊಂದಿಗೆ ಮುದ್ರಿಸಿಕೊಂಡು ೧೯೯೮ರಲ್ಲಿ ಪ್ರಕಟಿಸಿದರು. ಅದು ೧೫,೬೮೩ ಸಾಲುಗಳ ಮಹಾಕಾವ್ಯ. ಗದ್ದೆಯ ಕೆಲಸದಲ್ಲಿಯಾಗಲಿ, ಸಿರಿ ಜಾತ್ರೆಯ ಆವೇಶದಲ್ಲಿಯಾಗಲಿ ಅದನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಸಮನೆ ಹಾಡುವ ಸಂದರ್ಭವಿರುವುದಿಲ್ಲ. ಅಲ್ಲಿ ಬೇಕಾದ ಭಾಗವು ಬೇಕಾದಷ್ಟು ಬರುತ್ತದೆ. ಕೇಳಲು ಕುಳಿತ ವಿದ್ವಾಂಸರ ಆಸಕ್ತಿಯೇ ಅಷ್ಟು ದೀರ್ಘವಾದ ಅಖಂಡ ರೂಪವನ್ನು ಹೊರತಂದಿತು. ಗ್ರಾಮಾಫೋನು ಹಾಡನ್ನು ಕುಗ್ಗಿಸಿತು. ಇಲ್ಲಿ ಮುದ್ರಣವು ಹಾಡನ್ನು ಹಿಗ್ಗಿಸಿತು. ಆ ಗ್ರಂಥದ ಬೆಲೆ ಇದರಿಂದ ಕಡಿಮೆಯಾಗುವುದಿಲ್ಲ. ಆದರೆ ಯಾವ ಮುದ್ರಣವೇ ಆಗಲಿ, ಒಂದು ದಿನ, ಒಂದು ಸ್ಥಳದಲ್ಲಿ, ಗೊತ್ತಾದ ಕೇಳುಗರ ಮುಂದೆ ನಡೆದ ಒಂದು ಪ್ರಯೋಗವೇ ಹೊರತು ಆ ಕಲೆಯ ಮೂಲಪ್ರತಿಯಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮೂರನೆಯ ಪ್ರಯತ್ನವು ಇವೆರಡಕ್ಕಿಂತ ಕಷ್ಟವಾದುದು, ಇವೆರಡಕ್ಕಿಂತ ಫಲವತ್ತಾದುದು. ಅದು ಕಲೆಯನ್ನು ಇನ್ನೊಬ್ಬನ ಮೈಗೆ ಕಲಿಸುವುದು. ಉಡುಪಿಯಲ್ಲಿ ೧೯೭೧ರಲ್ಲಿ ಶಿವರಾಮ ಕಾರಂತ, ಕು. ಶಿ. ಹರಿದಾಸ ಭಟ್ಟ ಇವರ ನೇತೃತ್ವದಲ್ಲಿ ಆರಂಭವಾದ ಯಕ್ಷಗಾನ ಕೇಂದ್ರವು ಇದಕ್ಕೆ ಉತ್ತಮ ನಿದರ್ಶನ. ಕಾರಂತರು ಬಹುಕಾಲ ತಿರುಗಾಡಿ, ಹಳೆಯ ಪ್ರಸಂಗಗಳನ್ನೂ ವೇಷಗಳನ್ನೂ ಪರಿಶೀಲಿಸಿ ‘ಯಕ್ಷಗಾನ ಬಯಲಾಟ’ ಎಂಬ ಗ್ರಂಥವನ್ನು ಬರೆದಿದ್ದರು. ಅದಕ್ಕೆ ೧೯೫೯ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಗ್ರಂಥದಲ್ಲಿ ಹಿಡಿದಿಟ್ಟರೆ ಸಾಲದೆಂದು ಅವರು ಕೇಂದ್ರದಲ್ಲಿ ಹುಡುಗರಿಗೆ ಹೆಜ್ಜೆ ಕಲಿಸುವ ಏರ್ಪಾಡನ್ನು ಮಾಡಿದರು. ವೀರಭದ್ರ ನಾಯಕರು, ಮದ್ದಲೆಯ ಹಿರಿಯಡಕ ಗೋಪಾಲರಾಯರು ಅವರಂಥವರ ವಿದ್ಯೆಯು ಅಲ್ಲಿ ಕಿರಿಯರ ಮೈಗೂ ಕೈಗೂ ಇಳಿಯಿತು. ಆ ಕೇಂದ್ರದಲ್ಲಿ ಕಲಿತ ಬನ್ನಂಜೆ ಸಂಜೀವ ಸುವರ್ಣರು ಮುಂದೆ ಅಲ್ಲಿಯೇ ಗುರುಗಳಾದರು. ಗುರುವಿನ ಕಾಲವು ಮುಗಿದರೂ ಹೆಜ್ಜೆಯು ಮುಗಿಯಲಿಲ್ಲ.

ಹಾಗೆಂದು ಇದರಲ್ಲಿ ಯಾವ ವ್ಯತ್ಯಾಸವೂ ಆಗಲಿಲ್ಲವೆನ್ನಲಾಗದು. ಕಾರಂತರು ಇಡೀ ರಾತ್ರಿಯ ಆಟವನ್ನು ಎರಡು-ಮೂರು ಗಂಟೆಗಳಿಗೆ ಇಳಿಸಿದರು; ತಮ್ಮ ನೃತ್ಯರೂಪಕಗಳಲ್ಲಿ ಮಾತಿನ ಭಾಗವನ್ನು ಬಹಳಮಟ್ಟಿಗೆ ಕಡಿಮೆಮಾಡಿದರು; ಪಿಟೀಲು, ಸ್ಯಾಕ್ಸೊಫೋನ್‌ಗಳನ್ನು ತಂದರು. ವೇಷಭೂಷಣಗಳ ವಿಷಯದಲ್ಲಿ ಮಾತ್ರ ಹಳೆಯ ಬಣ್ಣ, ಹಳೆಯ ಕಟ್ಟುಗಳಿಗೆ ಮರಳಬೇಕೆಂದು ಹಟ ಹಿಡಿದರು. ಒಂದು ಕಡೆ ಸಂರಕ್ಷಕ, ಇನ್ನೊಂದು ಕಡೆ ಸುಧಾರಕ: ಒಬ್ಬನೇ ವ್ಯಕ್ತಿಯಲ್ಲಿ ಈ ಎರಡೂ ಹೇಗೆ ಕೂಡಿದುವೆಂದು ಹಲವರು ಆಕ್ಷೇಪಿಸಿದರು. ಕಲಿಸುವವನು ಆರಿಸಲೇಬೇಕು; ಆರಿಸುವವನು ಬಿಡಲೇಬೇಕು. ಆದುದರಿಂದ ಬದಲಾವಣೆಯನ್ನು ದೋಷವೆಂದು ಎಣಿಸುವುದು ಸರಿಯಲ್ಲ. ಆದರೆ ಮಾತನ್ನು ಕಡಿಮೆಮಾಡಿದುದರ ಪರಿಣಾಮವನ್ನು ಲಘುವಾಗಿ ಕಾಣಲಾಗದು. ಯಕ್ಷಗಾನದ ಅರ್ಥಗಾರಿಕೆಯು ಆಶುವಾದುದು. ಆ ರಾತ್ರಿ, ಆ ಎದುರಾಳಿ, ಆ ಊರಿನ ಕೇಳುಗರು ಇವರ ಸಂಘಟ್ಟನೆಯಿಂದ ಅದು ಹುಟ್ಟುತ್ತದೆ. ನೃತ್ಯವನ್ನು ಪರದೇಶದ ರಂಗಕ್ಕೂ ಒಯ್ಯಬಹುದು. ಮಾತನ್ನು ಅದರ ಮರ್ಮವನ್ನು ಬಲ್ಲ ಕಿವಿಯಿಲ್ಲದ ಕಡೆಗೆ ಒಯ್ಯಲಾಗದು. ನಮ್ಮ ಒರೆಗಲ್ಲಿಗೆ ತಿಕ್ಕಿ ನೋಡಿದರೆ, ಉಡುಪಿಯ ಪ್ರಯೋಗವು ಆಡುವವನನ್ನು ಸೊಗಸಾಗಿ ಉಳಿಸಿಕೊಂಡಿತು. ನೋಡುವವನ ಪಾಲನ್ನು ಮಾತ್ರ ಸ್ವಲ್ಪ ತಗ್ಗಿಸಿತೆಂದು ತೋರುತ್ತದೆ.

ಪಾಶ್ಚಾತ್ಯರ ಸಂಗ್ರಹಾಲಯಗಳೂ ಈಚೆಗೆ ಇದೇ ತೊಡಕಿಗೆ ಸಿಕ್ಕಿವೆಯೆಂಬುದು ಗಮನಾರ್ಹ. ಅಲ್ಲಿಯ ಕಲಾವಿದರು ಇಪ್ಪತ್ತನೆಯ ಶತಮಾನದಲ್ಲಿ ಚಿತ್ರಪಟವನ್ನು ಬಿಟ್ಟು ತಮ್ಮ ದೇಹವನ್ನೇ ಕೃತಿಯನ್ನಾಗಿ ಮಾಡಿಕೊಂಡರು. ಮೊದಮೊದಲು ಅವುಗಳ ಛಾಯಾಚಿತ್ರಗಳು ಮಾತ್ರ ಸಂಗ್ರಹಾಲಯಕ್ಕೆ ಬಂದುವು. ಬಳಿಕ ಪ್ರಯೋಗವನ್ನೇ ಕೊಳ್ಳುವ ಪದ್ಧತಿ ಆರಂಭವಾಯಿತು. ಲಂಡನ್ನಿನ ಟೇಟ್ ಸಂಗ್ರಹಾಲಯವು ೨೦೦೫ರಲ್ಲಿ ರೋಮನ್ ಓಂಡಾಕ್ ಎಂಬವನ ಕೃತಿಯೊಂದನ್ನು ಕೊಂಡಿತು. ಕಾರಣವೇ ಇಲ್ಲದೆ ಜನರು ಒಂದು ಸಾಲಿನಲ್ಲಿ ನಿಲ್ಲುವುದೇ ಆ ಕೃತಿ. ಟೀನೋ ಸೇಗಲ್ ಎಂಬಾತನು ತನ್ನ ಪ್ರಯೋಗಗಳ ಛಾಯಾಚಿತ್ರ ತೆಗೆಯಲು ಬಿಡುವುದಿಲ್ಲ, ಕರಾರನ್ನೂ ಬರೆದುಕೊಡುವುದಿಲ್ಲ. ಮಾರಾಟವು ಸಾಕ್ಷಿಗಳ ಎದುರಿಗೆ ಬಾಯಿಮಾತಿನಲ್ಲಿ ನಡೆಯುತ್ತದೆ. ಹಾಗೆ ಕೊಂಡ ಸಂಗ್ರಹಾಲಯವು ಆ ಪ್ರಯೋಗವನ್ನು ಬಲ್ಲ ಒಬ್ಬ ಮನುಷ್ಯನನ್ನು ಸದಾ ಇಟ್ಟುಕೊಂಡಿರಬೇಕು. ಅವನು ಇನ್ನೊಬ್ಬನಿಗೆ ಕಲಿಸಬೇಕು. ಕಂಠಪಾಠದಿಂದ ವೇದವನ್ನೂ ತತ್ತ್ವಪದಗಳನ್ನೂ ಉಳಿಸಿಕೊಂಡು ಬಂದ ನಮಗೆ ಇದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಆದರೆ ಕಾಗದ-ಪತ್ರಗಳ ಮೇಲೆಯೇ ನಿಂತ ಸಂಸ್ಥೆಯೊಂದು ಗುರುಶಿಷ್ಯ ಪರಂಪರೆಗೆ ಮೊರೆಹೋದುದು ವಿಚಾರಾರ್ಹ.

ಮರೀನಾ ಅಬ್ರಾಮೊವಿಚ್ ಎಂಬ ಕಲಾವಿದೆಯು ೨೦೦೫ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಸಂಗ್ರಹಾಲಯದಲ್ಲಿ ಏಳು ರಾತ್ರಿ, ರಾತ್ರಿಗೆ ಏಳು ಗಂಟೆಗಳಂತೆ, ಬಹುಮಟ್ಟಿಗೆ ಇತರ ಕಲಾವಿದರ ಹಳೆಯ ಪ್ರಯೋಗಗಳನ್ನು ಮತ್ತೆ ಮಾಡಿ ತೋರಿಸಿದಳು. ೨೦೧೦ರಲ್ಲಿ ಅದೇ ನಗರದ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅವಳ ಹಿಂದಿನ ಪ್ರಯೋಗಗಳನ್ನು ಕಿರಿಯರು ಮಾಡಿದರು; ಅವಳು ತಾನೇ ಏಳುನೂರಕ್ಕೂ ಹೆಚ್ಚು ಗಂಟೆಗಳ ಕಾಲ ಕುರ್ಚಿಯ ಮೇಲೆ ಮೌನವಾಗಿ ಕುಳಿತಳು. ಎದುರಿನ ಕುರ್ಚಿಗೆ ಬಂದು ಕುಳಿತವರನ್ನು ನೋಡುವುದೇ ಪ್ರಯೋಗ. ಜನರು ಸರದಿಗಾಗಿ ಕಾದರು, ಕೆಲವರು ಕಣ್ಣೀರಿಟ್ಟರು. ಗೋಡೆಯ ಮೇಲಿನ ಛಾಯಾಚಿತ್ರಕ್ಕೆ ಇಲ್ಲದ ಶಕ್ತಿಯು ಈ ಎದುರುಬದುರು ಕುಳಿತುಕೊಳ್ಳುವಿಕೆಯಲ್ಲಿದ್ದಿತು. ಜಪಾನೀಯರು ಇದನ್ನು ಮೊದಲೇ ಅರಿತಿದ್ದರೆನ್ನಬೇಕು. ಅವರ ೧೯೫೦ರ ಕಾನೂನು ಅಮೂರ್ತವಾದ ಕಲೆಯನ್ನೂ ರಾಷ್ಟ್ರದ ಆಸ್ತಿಯೆಂದು ಪರಿಗಣಿಸಿತು. ಅಂಥ ಕಲೆಯನ್ನು ಬಲ್ಲ ವ್ಯಕ್ತಿಗಳನ್ನೇ ಅದರ ಧಾರಕರೆಂದು ೧೯೫೫ರಿಂದ ಗುರುತಿಸಿ, ಶಿಷ್ಯರಿಗೆ ಕಲಿಸಲು ನೆರವನ್ನಿತ್ತರು. ಯುನೆಸ್ಕೊ ಸಂಸ್ಥೆಯು ಅಮೂರ್ತ ಪರಂಪರೆಯ ಒಪ್ಪಂದವನ್ನು ಮಾಡಿದುದು ಅದಾದ ಎಷ್ಟೋ ವರ್ಷಗಳ ಮೇಲೆ, ೨೦೦೩ರಲ್ಲಿ.

ಉಪಕರಣವನ್ನು ಉಳಿಸಿದರು, ದನಿಯನ್ನು ಉಳಿಸಿದರು, ಕಲಾವಿದನನ್ನು ಉಳಿಸಿದರು. ಇಷ್ಟರಿಂದ ಆಟವು ಉಳಿಯಿತೇ? ಇಲ್ಲವೆಂದೇ ನನ್ನ ಅಭಿಪ್ರಾಯ. ಇನ್ನೊಂದು ಅಂಗವು ಉಳಿದಿದೆ, ಅದು ಪ್ರೇಕ್ಷಕ. ತೊಗಲುಗೊಂಬೆಯಾಟದಲ್ಲಿ ರಾಮ-ರಾವಣರ ನಡುವೆ ಕಿಳ್ಳೇಕ್ಯಾತನೂ ಬಂಗಾರಕ್ಕನೂ ಬರುತ್ತಾರೆ. ಬಂಗಾರಕ್ಕನು ಆಂಧ್ರದ ತೋಲುಬೊಮ್ಮಲಾಟದಲ್ಲಿಯೂ ಇದ್ದಾಳೆ. ಅವಳಿಗೆ ಭಾಷೆಯ ಗಡಿಯಿಲ್ಲ. ಇವರ ಮಾತು ಯಾವ ಓಲೆಯಲ್ಲಿಯೂ ಬರೆದುದಲ್ಲ. ಆ ಊರಿನ ಜಗಳ, ಆ ವರ್ಷದ ಮಳೆ, ಎದುರಿಗೆ ಕುಳಿತ ಗೌಡನ ಜಿಪುಣತನ ಇವೇ ಅದರ ವಸ್ತು. ನಗುವವರು ಇದ್ದರೆ ಆ ಮಾತು ಬೆಳೆಯುತ್ತದೆ, ಇಲ್ಲದಿದ್ದರೆ ಬಾಡುತ್ತದೆ. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ೨೦೨೫ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಪದ್ಮಶ್ರೀ ಪ್ರಶಸ್ತಿಯು ಬಂದುದು ನಮಗೆಲ್ಲ ಹೆಮ್ಮೆಯ ಸಂಗತಿ. ಆದರೆ ಪ್ರಶಸ್ತಿಯು ಆಡುವವರಿಗೆ ಸಲ್ಲುತ್ತದೆ. ರಾತ್ರಿಯೆಲ್ಲ ಕುಳಿತು ನೋಡಿ, ಎಲ್ಲಿ ನಗಬೇಕು, ಎಲ್ಲಿ ಸುಮ್ಮನಿರಬೇಕೆಂಬುದನ್ನು ಬಲ್ಲ ಊರಿಗೆ ಯಾವ ಪ್ರಶಸ್ತಿಯೂ ಇಲ್ಲ. ಆ ಊರನ್ನು ಕೂಡಿಡುವ ಸಂಗ್ರಹಾಲಯವೂ ಇಲ್ಲ.

ಈ ಮಾತಿಗೆ ಒಂದು ಪ್ರತಿವಾದವು ಬರಬಹುದು. ‘ಕಲೆಗಳು ಹುಟ್ಟುತ್ತವೆ, ಬೆಳೆಯುತ್ತವೆ, ಸಾಯುತ್ತವೆ. ನೋಡುವವರೇ ಇಲ್ಲದ ಆಟವನ್ನು ಬಲವಂತದಿಂದ ಬದುಕಿಸುವುದೇಕೆ? ಗೊಂ‍ಬೆಯನ್ನು ನೀರಿಗೆ ಬಿಟ್ಟವರ ವಿವೇಕವನ್ನು ಹೊಗಳಿದವರು ಆಟವನ್ನೂ ನೀರಿಗೆ ಬಿಡಲಿ’ ಎಂದು ಕೇಳಬಹುದು. ಪ್ರಶ್ನೆಯು ಸಮಂಜಸವೇ ಸರಿ. ಜನರು ತಿಳಿದು, ಬೇಡವೆಂದು ಬಿಟ್ಟ ಕಲೆಯನ್ನು ಉಳಿಸಲು ಯಾರಿಗೂ ಅಧಿಕಾರವಿಲ್ಲ. ಆದರೆ ನಮ್ಮ ಕಡೆ ಆಗುತ್ತಿರುವುದು ಅದಲ್ಲ. ಜನರು ಆಟವನ್ನು ಬೇಡವೆನ್ನುವುದಕ್ಕೆ ಮೊದಲೇ ಆಟದ ಭಾಷೆಯು ಅವರ ಮಕ್ಕಳಿಂದ ಜಾರುತ್ತಿದೆ. ತಿಳಿಯದುದನ್ನು ಬೇಡವೆನ್ನುವುದು ತೀರ್ಪಲ್ಲ.

ನಮ್ಮ ಸೀಮೆಯ ಸ್ಥಿತಿಯನ್ನು ನೋಡಿರಿ. ೧೯೫೬ರ ನವೆಂಬರಿನಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಹೈದರಾಬಾದ್ ಸಂಸ್ಥಾನವು ಮೂರು ಭಾಗವಾಯಿತು. ಅದುವರೆಗೆ ಬೀದರ ಜಿಲ್ಲೆಗೆ ಸೇರಿದ್ದ ನಾರಾಯಣಖೇಡ, ಜಹೀರಾಬಾದ್‌ಗಳೂ, ಗುಲಬರ್ಗಾ ಜಿಲ್ಲೆಗೆ ಸೇರಿದ್ದ ತಾಂಡೂರೂ ಆಂಧ್ರಪ್ರದೇಶಕ್ಕೆ ಹೋದುವು, ೨೦೧೪ರಿಂದ ತೆಲಂಗಾಣದಲ್ಲಿವೆ. ಗೆರೆ ಎಳೆದುದರಿಂದ ಹಾಡು ನಿಲ್ಲಲಿಲ್ಲ. ಪುರವಂತರ ಒಡಪುಗಳು, ಭಜನೆಯ ಮೇಳಗಳ ತತ್ತ್ವಪದಗಳು, ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಸುತ್ತ ಹಿಂದೂ-ಮುಸಲ್ಮಾನರು ಕೂಡಿ ಹಾಡುವ ಪದಗಳು ಬೀದರ-ಕಲಬುರಗಿಯ ಸೀಮೆಯಲ್ಲಿ ಯಾವ ರಾಜ್ಯದ ಗೆರೆಯನ್ನೂ ಕೇಳಿ ಹುಟ್ಟಿದುವಲ್ಲ. ಕನ್ನಡ, ತೆಲುಗು, ಮರಾಠಿ, ಉರ್ದು ಒಂದರೊಡನೊಂದು ಬೆರೆತ ಇಲ್ಲಿಯ ಮಾತಿನಲ್ಲಿ ಒಂದು ಭಾಷೆಯ ಪದವನ್ನು ಇನ್ನೊಂದರ ಮೇಲೆ ಎಸೆದು ನಗಿಸುವ ಚಾತುರ್ಯವುಂಟು. ಆ ನಗೆಯನ್ನು ಹಿಡಿಯಬಲ್ಲವನು ಈ ಭಾಷೆಗಳನ್ನೆಲ್ಲ ಕಿವಿಯಲ್ಲಿಟ್ಟುಕೊಂಡಿರಬೇಕು. ಅವುಗಳಲ್ಲಿ ಕನ್ನಡವು ಹೋಯಿತೆಂದರೆ, ಹಾಡಿನ ಮುದ್ರಣವು ಎಷ್ಟೇ ಸ್ಪಷ್ಟವಾಗಿರಲಿ, ಅದು ಮುಂದಿನಿಂದ ಬೆಳಕು ಬಿಟ್ಟ ತೊಗಲುಗೊಂಬೆಯಾಗುತ್ತದೆ: ಆಕಾರವುಂಟು, ಹೊಳಪಿಲ್ಲ.

ಪ್ರೇಕ್ಷಕನನ್ನು ತಯಾರುಮಾಡುವ ಕಾರ್ಯವನ್ನು ಸಂಗ್ರಹಾಲಯವು ಮಾಡಲಾರದು, ಶಾಲೆಯು ಮಾಡಬಲ್ಲುದು. ಆದುದರಿಂದ ನನ್ನ ವಿಮರ್ಶೆಯು ಸಂಗ್ರಹಾಲಯದಲ್ಲಿ ಆರಂಭವಾಗಿ ಶಾಲೆಯ ಬಾಗಿಲಿಗೆ ಬಂದು ನಿಲ್ಲುತ್ತದೆ. ಇದಕ್ಕೆ ಹಣವಾಗಲಿ ಕಟ್ಟಡವಾಗಲಿ ಅಗತ್ಯವಿಲ್ಲ. ಊರಿನ ಹಿರಿಯರೊಬ್ಬರಿಂದ ವರ್ಷಕ್ಕೆ ಒಂದು ಹಾಡನ್ನು ಇಬ್ಬರು ವಿದ್ಯಾರ್ಥಿಗಳು ಪೂರ್ತಿಯಾಗಿ ಕಲಿಯಲಿ. ಮುಂದಿನ ವರ್ಷ ಅವರೇ ಇನ್ನಿಬ್ಬರಿಗೆ ಕಲಿಸಲಿ. ಕೈದೂರವಾಣಿಯಲ್ಲಿ ಹಾಡನ್ನು ಹಿಡಿಯುವುದು ಇಂದು ಎಲ್ಲರಿಗೂ ಸುಲಭ. ಹಾಡಿದವರ ಒಪ್ಪಿಗೆ ಪಡೆದು ಮುದ್ರಿಸಿಕೊಳ್ಳುವಾಗ ಹಾಡುವವರ ಮುಖವನ್ನಷ್ಟೇ ಹಿಡಿಯದೆ, ಕೇಳಲು ಕುಳಿತವರ ಕಡೆಗೂ ಅದನ್ನು ತಿರುಗಿಸಬೇಕು. ಯಾರು ಸೊಲ್ಲು ಕೂಡಿಸಿದರು, ಎಲ್ಲಿ ನಕ್ಕರು, ಯಾವ ಮಾತಿಗೆ ತಲೆದೂಗಿದರೆಂಬುದೂ ಅದರಲ್ಲಿ ಬರಬೇಕು. ಯಾವ ದಿನ, ಯಾವ ಹಬ್ಬ, ಎಲ್ಲಿ, ಯಾವ ಯಾವ ಭಾಷೆಯ ಮಾತು ಬಂದಿತು, ಹಾಡಿದವರು ಯಾರಿಂದ ಕಲಿತರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಬೇಕು. ಹಾಡಿನ ಭಾಗವನ್ನು ಬಿಟ್ಟಿದ್ದರೆ ಬಿಟ್ಟಿದೆಯೆಂದು ಬರೆಯಬೇಕು. ದೊಡ್ಡ ದೊಡ್ಡ ಸಂಗ್ರಹಾಲಯಗಳ ಹೆಸರಿನ ಚೀಟಿಗಳಲ್ಲಿ ನಾವು ಕಾಣದೆ ಹೋದ ಸಂಗತಿಗಳು ಇವೇ.

ಪ್ರವಾಸಕ್ಕೆ ಹೋದಾಗಲೂ ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸವನ್ನು ಹಾಕಿಕೊಡಬಹುದು. ಗಾಜಿನೊಳಗಿನ ಗೊಂಬೆ, ವಾದ್ಯ, ಕಿರೀಟಗಳ ಮುಂದೆ ನಿಂತಾಗ ಅದರ ವಯಸ್ಸೆಷ್ಟು, ಬೆಲೆಯೆಷ್ಟು ಎಂದಷ್ಟೇ ಕೇಳದೆ, ಇದಕ್ಕೆ ಬೆಳಕು ಎಲ್ಲಿಂದ ಬೀಳುತ್ತಿತ್ತು, ಇದನ್ನು ಹಿಡಿದ ಕೈ ಯಾವುದು, ಇದರ ಮುಂದೆ ಕುಳಿತಿದ್ದವರು ಯಾರು, ಅವರು ಯಾವ ಮಾತಿನಲ್ಲಿ ನಗುತ್ತಿದ್ದರು ಎಂದು ಕೇಳುವುದನ್ನು ಕಲಿಯಲಿ. ಚೀಟಿಯಲ್ಲಿ ಉತ್ತರವಿಲ್ಲದಿದ್ದರೆ ಅಲ್ಲಿಯ ಅಧಿಕಾರಿಗಳನ್ನು ವಿನಯದಿಂದ ಕೇಳಲಿ. ಕೇಳುವವರು ಹೆಚ್ಚಿದರೆ ಚೀಟಿಗಳು ತಿದ್ದಿಕೊಳ್ಳುತ್ತವೆ. ಈ ಸಲದ ಮೊಹರಮ್ಮಿಗೋ ಜಾತ್ರೆಗೋ ಊರಲ್ಲಿ ಹಾಡುವವರು ಕೂಡಿದಾಗ ನಮ್ಮ ಶಾಲೆಗಳ ಮಕ್ಕಳು ಅರ್ಥ ತಿಳಿದು ಕೇಳುವವರಾಗಿ ಮುಂದಿನ ಸಾಲಿನಲ್ಲಿ ಕುಳಿತಿದ್ದರೆ, ಹಾಡುವವರಿಗೆ ಅದರ ಗುರುತು ಕೂಡಲೇ ಹತ್ತುತ್ತದೆ. ಎರಡು ನುಡಿ ಹೆಚ್ಚಾಗಿಯೇ ಹಾಡುತ್ತಾರೆ.